ಹದಿನೈದು ಹೆಜ್ಜೆ ದೂರದ ತಕ್ಕಡಿ

ಟಾರ್ ಬೀದಿ, ಹಾರ್ನ್‌ವಿಕ್, ಲಂಡನ್
೧೧ ಅಕ್ಟೋಬರ್ ೧೯೧೨

ಅವ್ವಾ,

ನಿನ್ನೆ ಗುರುವಾರ ನಮ್ಮ ಕ್ಲಿನಿಕ್ಕಿನ ಬಾಗಿಲು ತೆರೆಯಿತು. ಹಳೆಯ ಬೇಕರಿ ಅಂಗಡಿಗೆ ಸುಣ್ಣ ಬಳಿದು ಕೊಟ್ಟಿದ್ದಾರೆ. ಮಹಡಿಯ ಮೇಲೆ ಬೇಕರಿಯವನ ವಿಧವೆ ಇನ್ನೂ ವಾಸವಾಗಿದ್ದಾಳೆ, ಕೆಳಗೆ ನಾವು. ಎಷ್ಟು ಸುಣ್ಣ ಬಳಿದರೂ ಬ್ರೆಡ್ಡಿನ ವಾಸನೆ ಹೋಗಿಲ್ಲ, ಒಳಗೆ ಬಂದವರಿಗೆಲ್ಲ ಹಸಿವಾಗುತ್ತದೆ. ನಟ್ಟನಡುವೆ ನನ್ನ ತಕ್ಕಡಿ. ಹಿತ್ತಾಳೆಯದು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರ. ಕೂಸನ್ನು ಮಲಗಿಸಲು ಬೆತ್ತದ ಬುಟ್ಟಿ ಇದೆ. ಪ್ರತಿ ಗುರುವಾರ ಮಧ್ಯಾಹ್ನ ತಾಯಂದಿರು ಕೂಸುಗಳನ್ನು ತರಬೇಕು, ನರ್ಸಾದ ನಾನು ತೂಗಿ ಚೀಟಿಯಲ್ಲಿ ಬರೆಯಬೇಕು. ತೂಕ ಇಳಿದಿದ್ದರೆ ಡಾಕ್ಟರ್ ಪಿಮ್ ನೋಡುತ್ತಾರೆ. ಉಳಿದ ದಿನಗಳಲ್ಲಿ ನಾನು ಮನೆ ಮನೆ ತಿರುಗಬೇಕು.

ಈ ವಾರ್ಡಿನಲ್ಲಿ ಹುಟ್ಟುವ ಏಳು ಕೂಸುಗಳಲ್ಲಿ ಒಂದು, ವರ್ಷ ತುಂಬುವ ಮೊದಲೇ ಹೋಗುತ್ತದೆ. ಹೋಗುವುದರಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ. ಆ ತಿಂಗಳಲ್ಲಿ ಅವನ್ನು ನನ್ನ ಬುಟ್ಟಿಗೆ ತಂದರೆ ಸಾಕು, ಎಷ್ಟೋ ಕೂಸುಗಳನ್ನು ಉಳಿಸಿಕೊಳ್ಳಬಹುದು.

ಕ್ಲಿನಿಕ್ ನಡೆಸುವ ಸಮಿತಿಯ ಅಧ್ಯಕ್ಷೆ ಮಿಸೆಸ್ ಹ್ಯಾವರ್‌ಗಲ್ ರಿಬ್ಬನ್ ಕತ್ತರಿಸಿ ಮುಕ್ಕಾಲು ಗಂಟೆ ಮಾತಾಡಿದರು. ಕೇಳಲು ಕೂತಿದ್ದವರು ದೊಡ್ಡ ಮನೆಯ ಹನ್ನೊಂದು ಹೆಂಗಸರು ಮತ್ತು ಇಬ್ಬರು ತಾಯಂದಿರು. ತಾಯಂದಿರಿಗೆಂದು ತರಿಸಿದ್ದ ಬನ್ನುಗಳನ್ನೆಲ್ಲ ಆ ಹನ್ನೊಂದು ಮಂದಿಯೇ ಮುಗಿಸಿದರು.

ಅವ್ವಾ, ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ಸರ್ಟಿಫಿಕೇಟ್ ಇಲ್ಲದವರು ಹೆರಿಗೆ ಮಾಡಿಸಬಾರದೆಂಬ ಕಾಯಿದೆ ಜಾರಿಗೆ ಬಂದು ಎರಡು ವರ್ಷವಾಯಿತು. ನೀನು ಆ ಕೆಲಸ ಬಿಟ್ಟಿದ್ದೀಯಲ್ಲ? ಇಲ್ಲಿ ಟ್ರಿಗ್ ಎಂಬ ಮುದುಕಿ ಇನ್ನೂ ಬಿಟ್ಟಿಲ್ಲ. ಅವಳ ಉಗುರು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತದೆ. ಈ ಪಾರ್ಸೆಲ್ಲಿನಲ್ಲಿ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಶೀಶೆ ಇಟ್ಟಿದ್ದೇನೆ. ಮನೆ ತೊಳೆಯಲಿಕ್ಕಾದರೂ ಬಳಸು.

ನಿನ್ನ ಹೆಸ್ಟರ್

---

ಕ್ಲೆಗ್ಡೆನ್, ಲ್ಯಾಂಕಾಶೈರ್
೨೦ ಅಕ್ಟೋಬರ್ ೧೯೧೨

ಮಗಳೇ,

ಕಾಗದ ಬಂತು, ಶೀಶೆಯೂ ಬಂತು. ಮುಚ್ಚಳ ತೆಗೆದದ್ದೇ ತಡ, ಮನೆಯೆಲ್ಲ ಆಸ್ಪತ್ರೆಯಂತೆ ನಾರಿತು, ಬೆಕ್ಕು ಎರಡು ದಿನ ಒಳಗೆ ಬರಲಿಲ್ಲ. ಚರಂಡಿಗೆ ಸುರಿದೆ.

ನಾನು ಈಗ ಬಟ್ಟೆ ಒಗೆಯುತ್ತೇನೆ. ಗಿರಣಿ ಮೇಸ್ತ್ರಿಯ ಮನೆಯ ಬಟ್ಟೆ, ಪಾದ್ರಿಯ ಮನೆಯ ಬಟ್ಟೆ. ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ. ಸಾಕಲ್ಲ?

ಮದುವೆಯಿಲ್ಲ ಮಕ್ಕಳಿಲ್ಲ, ನೀನು ಹತ್ತು ಹೆತ್ತವಳಿಗೆ ಹಾಲೂಡಿಸುವುದು ಹೇಗೆಂದು ಹೇಳಿಕೊಡುತ್ತೀಯಂತೆ. ಪಕ್ಕದ ಆ್ಯನಿ ಕ್ಲೆಗ್‌ಗೆ ನಿನ್ನ ಕಾಗದ ಓದಿ ಹೇಳಿದೆ. "ಪಾಪ, ಆ ಹುಡ್ಗೀಗೆ ಒಂದು ಗಂಡು ನೋಡ್ರೀ, ತಕ್ಕಡಿ ತಾನೇ ಬಿಡ್ತಾಳೆ" ಅಂದಳು. ನಾನು ನಗಲಿಲ್ಲ. ಅವಳು ಹೋದ ಮೇಲೆ ನಕ್ಕೆ.

ಆ ಟ್ರಿಗ್ ಮುದುಕಿಯ ಉಗುರು ನೋಡಿದೆಯಲ್ಲ, ಅವಳ ಜೊತೆ ಕೂತು ಒಂದು ಲೋಟ ಟೀ ಕುಡಿದೆಯಾ?

ಅವ್ವ

---

ಹಾರ್ನ್‌ವಿಕ್
೨೨ ನವೆಂಬರ್ ೧೯೧೨

ಅವ್ವಾ,

ಆರು ಗುರುವಾರ ಕಳೆಯಿತು. ಒಂದು ತಿಂಗಳು ತುಂಬದ ಒಂದೇ ಒಂದು ಕೂಸೂ ನನ್ನ ಬುಟ್ಟಿಗೆ ಬಂದಿಲ್ಲ. ಬೀದಿಯ ಆಚೆಬದಿ ಸಾಲುಮನೆಗಳು. ಹಸಿ ಬಾಣಂತಿಯರು ಶಾಲು ಹೊದ್ದು, ಕೂಸು ಎತ್ತಿಕೊಂಡು, ತಂತಮ್ಮ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಾರೆ. ನಮ್ಮ ಬಾಗಿಲಿಗೆ ಹದಿನೈದು ಹೆಜ್ಜೆ, ನಾನೇ ಎಣಿಸಿದ್ದೇನೆ. ಕರೆದರೆ "ನಾಳೆ ಬರ್ತೀವಿ ಮಿಸ್ಸಮ್ಮ" ಎಂದು ನಗುತ್ತಾರೆ. ಬಾರದವರ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ 'ತಾಯಿಯ ಉದಾಸೀನ' ಎಂದು ಬರೆಯುತ್ತಾ ಬಂದಿದ್ದೇನೆ. ಬೇರೇನು ಬರೆಯಲಿ?

ಸೋಮವಾರ ಲೂ ಸ್ಕೆಗ್ಸ್ ಎಂಬವಳ ಕೂಸು ಸತ್ತಿತು. ಹತ್ತೊಂಬತ್ತು ದಿನದ್ದು. ಹುಟ್ಟಿದಂದಿನಿಂದ ಸೊರಗುತ್ತಾ ಇತ್ತಂತೆ. ಮೂರು ಸಲ ಅವಳ ಮನೆಗೆ ಹೋಗಿದ್ದೆ. ಮೊದಲ ಸಲ ಒಳಗೆ ಬಿಟ್ಟರು, ಆಮೇಲಿನ ಎರಡು ಸಲವೂ ಟ್ರಿಗ್ ಬಾಗಿಲಿಗೆ ಅಡ್ಡ ನಿಂತು, "ಬಾಣಂತಿ ಮಲಗವ್ಳೆ, ಹೋಗಿ ಬನ್ನಿ ತಾಯಿ" ಅಂದಳು. ನನ್ನ ತಕ್ಕಡಿ ಎದುರುಗಡೆಯೇ ಖಾಲಿ ಕೂತಿತ್ತು ಅವ್ವಾ. ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

ಮಿಸೆಸ್ ಹ್ಯಾವರ್‌ಗಲ್ ಗಡುವು ಕೊಟ್ಟಿದ್ದಾರೆ. ಜನವರಿ ಕೊನೆಯೊಳಗೆ ಎಳೆಗೂಸುಗಳು ಬಾರದಿದ್ದರೆ ಕ್ಲಿನಿಕ್ ಮುಚ್ಚುತ್ತಾರೆ. "ಈ ಜನಕ್ಕೆ ಬೇಡವಾದ್ದನ್ನು ಎಷ್ಟು ದಿನ ಬಡಿಸೋಣ?" ಎನ್ನುತ್ತಾರೆ. ತಾಯಂದಿರನ್ನು ತಡೆಯುತ್ತಿರುವವಳು ಟ್ರಿಗ್ ಎಂದು ನನಗೆ ಖಾತ್ರಿ. ಕಾಯಿದೆ ಮುರಿದು ಹೆರಿಗೆ ಮಾಡಿಸುತ್ತಾಳೆ, ತಾಯಂದಿರನ್ನೂ ತಡೆಯುತ್ತಾಳೆ ಎಂದು ದೂರು ಬರೆದು ಡಾಕ್ಟರಿಗೆ ಕೊಟ್ಟಿದ್ದೇನೆ. ಜನವರಿ ಆರಕ್ಕೆ ಸಮಿತಿ ಕೂಡುತ್ತದೆ. ಅವರ ಮುಂದೆ ನಾನು ಸಹಿ ಹಾಕಿದರೆ ಅವಳನ್ನು ಕೋರ್ಟಿಗೆ ಎಳೆಯುತ್ತಾರೆ. ಎಳೆಯಲಿ.

ಹೆಸ್ಟರ್

---

ಹಾರ್ನ್‌ವಿಕ್
೧೨ ಡಿಸೆಂಬರ್ ೧೯೧೨

ಅವ್ವಾ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಕೆಮ್ಮು ಮತ್ತೆ ಶುರುವಾಯಿತೇ? ಫ್ಲಾನೆಲ್ ಬಟ್ಟೆ ಕಳಿಸಿದ್ದೇನೆ, ಎದೆಗೆ ಸುತ್ತಿಕೋ. ನಾನು ಟ್ರಿಗ್ ಬಗ್ಗೆ ಬರೆದದ್ದು ನಿನ್ನನ್ನು ಚುಚ್ಚಿತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ. ಆದರೆ ನೀನು ಅದನ್ನೆಲ್ಲ ಬಿಟ್ಟವಳು, ನಿನಗೇಕೆ ಚುಚ್ಚಬೇಕು? ಇವತ್ತೂ ಯಾರೂ ಬರಲಿಲ್ಲ. ಎರಡು ಸಾಲು ಬರಿ.

ಹೆಸ್ಟರ್

---

ಕ್ಲೆಗ್ಡೆನ್
೧೬ ಡಿಸೆಂಬರ್ ೧೯೧೨

ಹೆಸ್ಟರ್,

ಕೆಮ್ಮು ಇಲ್ಲ. ಸಿಟ್ಟಿತ್ತು. ಸಿಟ್ಟಿನಲ್ಲಿ ಬರೆದ ಎರಡು ಕಾಗದ ಒಲೆಗೆ ಹಾಕಿದೆ. ಇದು ಮೂರನೆಯದು.

ನಾನು ಸುಳ್ಳು ಹೇಳಿದ್ದೆ. ಬಟ್ಟೆ ಒಗೆಯುವುದು ನಿಜ, ಹೆರಿಗೆ ಬಿಟ್ಟದ್ದು ಸುಳ್ಳು. ನಮ್ಮ ಬೀದಿಗೆ ಡಾಕ್ಟರು ಬರುವ ಹೊತ್ತಿಗೆ ಕೂಸಿಗೆ ಹಲ್ಲು ಬಂದಿರುತ್ತದೆ. ಕರೆದರು, ಹೋದೆ. ಇಲ್ಲಿಗೂ ನಿನ್ನಂಥವಳೇ ಒಬ್ಬಳು ಬಂದಿದ್ದಾಳೆ, ಮಿಸ್ ಲೋಮಾಕ್ಸ್, ನಿನ್ನದೇ ವಯಸ್ಸು, ಕೈಯಲ್ಲಿ ಒಳ್ಳೇ ಚರ್ಮದ ಚೀಲ. ಅವಳು ದೂರು ಬರೆದು ಸಹಿ ಹಾಕಿದಳು. ನೀನು ಟ್ರಿಗ್ ಮೇಲೆ ದೂರು ಬರೆದೆ ಎಂಬ ಕಾಗದ ಬಂದ ದಿನವೇ ನನಗೆ ಕೋರ್ಟಿನ ಕಾಗದವೂ ಬಂತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂತೆ. ಜನವರಿ ಹದಿಮೂರಕ್ಕೆ ಹಾಜರಾಗಬೇಕು.

ಇನ್ನೊಂದೂ ಹೇಳಿಬಿಡುತ್ತೇನೆ. ಕಳೆದ ಮಾರ್ಚಿನಲ್ಲಿ ನೆಲ್ ಹೋಲ್ಟ್ ನನ್ನ ಕೈಯಲ್ಲಿ ಹೆತ್ತು ಆರನೇ ದಿನಕ್ಕೆ ಜ್ವರ ಬಂದು ಸತ್ತಳು. ಆ ಬೆಳಿಗ್ಗೆ ನಾನು ಒಬ್ಬ ಮುದುಕನ ಹೆಣಕ್ಕೆ ಸ್ನಾನ ಮಾಡಿಸಿ, ಏಪ್ರನ್ನಿಗೆ ಕೈ ಒರೆಸಿಕೊಂಡು ಅವಳಲ್ಲಿಗೆ ಹೋಗಿದ್ದೆ. ಯಾರೂ ನನ್ನನ್ನು ಬೈಯಲಿಲ್ಲ. ನಿನ್ನ ಶೀಶೆಯನ್ನು ನಾನು ಚರಂಡಿಗೆ ಸುರಿದಿಲ್ಲ. ಮೊಣಕೈವರೆಗೆ ತೊಳೆಯುತ್ತೇನೆ, ಚರ್ಮ ಸುಲಿದುಹೋಗಿದೆ. ಅದನ್ನು ನಿನಗೆ ಹೇಳಿದರೆ ನೀನು ಗೆದ್ದೆ ಎಂದಾಗುತ್ತದೆ ಎಂದು ಹೇಳಲಿಲ್ಲ.

ಈಗ ನಿನ್ನ ಹದಿನೈದು ಹೆಜ್ಜೆಯ ವಿಷಯ. ಆ ಬಾಣಂತಿಯರು ಚರ್ಚಿಗೆ ಹೋಗಿ ಬಂದಿದ್ದಾರೆಯೇ ಎಂದು ಕೇಳಿದೆಯಾ? ಹೆತ್ತವಳು ತಿಂಗಳು ಕಳೆದ ಮೇಲೆ ಪಾದ್ರಿಯ ಮುಂದೆ ಮಂಡಿಯೂರಿ, ಜೀವಂತ ಎದ್ದೆ ಎಂದು ದೇವರಿಗೆ ಒಪ್ಪಿಸಿ ಬರುವವರೆಗೆ ಇನ್ನೊಬ್ಬರ ಹೊಸ್ತಿಲು ತುಳಿಯುವುದಿಲ್ಲ. ತುಳಿದರೆ ಆ ಮನೆಗೆ ಕೇಡು. ಇಲ್ಲೂ ಹಾಗೆಯೇ, ನಿಮ್ಮ ಲಂಡನ್ನಿನಲ್ಲೂ ಹಾಗೆಯೇ ಇರಬೇಕು. ಆ್ಯನಿ ಕ್ಲೆಗ್ ಹಸಿ ಬಾಣಂತಿಯಾಗಿದ್ದಾಗ, ಹಿಮ ಬೀಳುವಾಗಲೂ ನನ್ನ ಬಾಗಿಲ ಹೊರಗೇ ನಿಂತು ಸಕ್ಕರೆ ಈಸಿಕೊಂಡು ಹೋದವಳು. ಅಂಗಡಿ ಎಂದು ನೀನು ಹೇಳುತ್ತೀಯೆ. ಮೇಲೆ ವಿಧವೆ ಮಲಗುತ್ತಾಳೆ ಎಂದೂ ನೀನೇ ಬರೆದೆ. ಹಾಸಿಗೆ ಇದ್ದಮೇಲೆ ಅದು ಮನೆ. ಅವರನ್ನು ತಡೆದದ್ದು ಟ್ರಿಗ್ ಅಲ್ಲ, ನಿನ್ನ ಹೊಸ್ತಿಲು. ಆ ವಿಧವೆಗೆ ಕೇಡಾಗಬಾರದು ಎಂದು ಅವರು ದೂರ ನಿಂತರು. ನೀನು ಅದಕ್ಕೆ ಉದಾಸೀನ ಎಂದು ಹೆಸರಿಟ್ಟೆ.

ನಿನಗೆ ಗೊತ್ತಿಲ್ಲದ್ದು ನಿನ್ನ ತಪ್ಪೂ ಅಲ್ಲ. ಮದುವೆಯಾಗದವಳ ಮುಂದೆ ಆ ಮಾತನ್ನು ಯಾರೂ ಆಡುವುದಿಲ್ಲ. ನಾನೇ ಆಡಲಿಲ್ಲ. ನಾಲ್ಕು ಹೆಂಗಸರು ಸೇರಿದರೆ ನಿನ್ನನ್ನು ನೀರು ತರಲು ಓಡಿಸುತ್ತಿದ್ದೆ.

ಇಲ್ಲಿಗೆ ಬರಬೇಡ. ನಾನು ನಿನ್ನ ಅವ್ವ ಎಂದು ನಿನ್ನ ಆ ಸಮಿತಿಯವರಿಗೆ ಹೇಳಬೇಡ. ನನ್ನಿಂದ ನಿನ್ನ ಕೆಲಸ ಹೋಗಬಾರದು.

ಅವ್ವ

---

ಹಾರ್ನ್‌ವಿಕ್
೨೨ ಡಿಸೆಂಬರ್ ೧೯೧೨

ಅವ್ವಾ,

ನಿನ್ನ ಕಾಗದವನ್ನು ಬುಧವಾರ ನಿಂತಲ್ಲೇ ಓದಿದೆ. ಆಮೇಲೆ ಕೂತು ಓದಿದೆ. ಅಳು ಬಂತು, ನಾಚಿಕೆಯೂ ಆಯಿತು. ನೆಲ್ ಹೋಲ್ಟ್ ಬಗ್ಗೆ ನಾನೇನೂ ಹೇಳುವುದಿಲ್ಲ. ನನ್ನ ಲೆಕ್ಕಕ್ಕೆ ಲೂಳ ಕೂಸಿದೆ.

ಅಲ್ಲಿಂದ ಎದ್ದವಳು ನೇರ ಟ್ರಿಗ್ ಮನೆಗೆ ಹೋದೆ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು, ಏಳಲಿಲ್ಲ.

"ತಕ್ಕಡಿ ಹೊರಗೆ, ಬೀದೀಲಿ ಇಟ್ರೆ ಬರ್ತಾರಾ?" ಎಂದು ಕೇಳಿದೆ.

"ಬೀದಿ ಯಾರ ಮನೇನೂ ಅಲ್ವಲ್ಲ. ಯಾಕೆ ಬರಾಕಿಲ್ಲ?"

"ಮತ್ತೆ ಎರಡು ತಿಂಗ್ಳಿಂದ ನನಗೆ ಯಾಕೆ ಹೇಳ್ಲಿಲ್ಲ ನೀವು?"

"ನೀವು ಕೇಳಿದ್ದು ಯಾವಾಗ ಮಿಸ್ಸಮ್ಮ? ಬಂದಾಗಿನಿಂದ ಬರೀ ಹೇಳ್ತಾನೇ ಇದ್ರಿ."

ಲೂಳ ಬಾಗಿಲಿಗೆ ಯಾಕೆ ಅಡ್ಡ ನಿಂತಿದ್ದಳೆಂದು ಕೇಳಿದೆ. ಮೊದಲ ಸಲ ನಾನು ಹೋಗಿ ಬಂದ ಮೇಲೆ ಲೂ ಇಡೀ ದಿನ ಅತ್ತಳಂತೆ. ಕೂಸಿನ ಬಾಟಲಿ ಹಿಡಿದು ಮೂಸಿ ನೋಡಿ, ಮುಖ ಸಿಂಡರಿಸಿದೆನಂತೆ ನಾನು. ನನಗೆ ನೆನಪೇ ಇಲ್ಲ. ಚೀಲದಿಂದ ಕಾರ್ಬಾಲಿಕ್ ತೆಗೆದು ಅವಳ ಮೇಜಿನ ಮೇಲಿಟ್ಟು, "ನಮ್ಮವ್ವ ಹೆರಿಗೆಗೆ ಹೋಗೋ ಮುಂಚೆ ಇದರಲ್ಲಿ ಕೈ ತೊಳೀತಾಳೆ" ಅಂದೆ. ಅವಳು ಚಾಕು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಮವ್ವಾನೂ ಇದೇ ಕೆಲ್ಸಾನಾ? ಮೊದ್ಲೇ ಬೊಗಳಬಾರ್ದಿತ್ತಾ?" ಎಂದು ಕುರ್ಚಿ ಎಳೆದಳು. ಟೀ ಕುಡಿದೆ ಅವ್ವಾ. ಕಡುಕಪ್ಪು, ಟಾರಿನಂತಿತ್ತು.

ಮರುದಿನ ನಾವಿಬ್ಬರೂ ತಕ್ಕಡಿಯನ್ನು ಹೊತ್ತು ಬೀದಿಯ ನಡುವೆ ಇಟ್ಟೆವು. ಗಾಳಿಗೆ ಅಡ್ಡವಾಗಿ ಹೆಂಗಸರು ಸುತ್ತ ಶಾಲು ಹಿಡಿದು ನಿಂತರು. ಹನ್ನೊಂದು ಕೂಸು ಬಂದವು, ಅದರಲ್ಲಿ ಏಳು ಕೂಸುಗಳಿಗೆ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಒಂಬತ್ತು ದಿನದ ಒಂದು ಹೆಣ್ಣು ತೀರಾ ಬಡಕಲು. ಅದನ್ನು ಅಲ್ಲಿಂದಲೇ ಡಾಕ್ಟರ ಬಳಿ ಓಡಿಸಿದೆ. ಬದುಕುತ್ತದೆ.

ದೂರು ಇನ್ನೂ ಡಾಕ್ಟರ ಕೈಯಲ್ಲೇ ಇದೆ. ಕೇಳಿದರೆ ಕೊಡಲಿಲ್ಲ, "ಸಮಿತಿಗೆ ಹೇಳು" ಅಂದರು.

ಹೆಸ್ಟರ್

---

ಹಾರ್ನ್‌ವಿಕ್
೧೦ ಜನವರಿ ೧೯೧೩

ಅವ್ವಾ,

ನೀನು ಬೇಡವೆಂದದ್ದನ್ನೇ ಮಾಡಿದೆ. ಬೈಯುವುದಿದ್ದರೆ ಕೊನೆಯವರೆಗೂ ಓದಿ ಬೈ.

ಸೋಮವಾರ ಸಮಿತಿ ಕೂಡಿತು. ಏಳು ಎಳೆಗೂಸು ಬಂದವೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಿಸೆಸ್ ಹ್ಯಾವರ್‌ಗಲ್ ಶುರುಮಾಡಿದರು. "ಬೀದೀಲಿ ತಕ್ಕಡಿ ಇಡೋದಂದ್ರೇನು? ಮೀನು ಮಾರೋರ ಹಾಗೆ!"

"ಮೀನು ಮಾರೋರ ಹತ್ರ ಜನ ಬರ್ತಾರೆ ಮೇಡಂ. ಈಗ ನಮ್ಮ ಹತ್ರಾನೂ ಬರ್ತಿದ್ದಾರೆ" ಅಂದೆ.

ಮೂಢನಂಬಿಕೆಗೆ ಸಮಿತಿ ತಲೆಬಾಗುವುದಿಲ್ಲವಂತೆ. ಬರುವವರು ಒಳಗೆ ಬರಬೇಕಂತೆ. ಅವರ ಮನೆಗೆ ಬರುವವರೆಲ್ಲ ಮುಂಬಾಗಿಲಲ್ಲಿ ಹ್ಯಾಟು ತೆಗೆಯುತ್ತಾರೆ, ಅದು ಪದ್ಧತಿ. ನಮ್ಮ ಹೆಂಗಸರದ್ದು ಮಾತ್ರ ಮೂಢನಂಬಿಕೆ. ಆಮೇಲೆ ಟ್ರಿಗ್ ಮೇಲಿನ ದೂರನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ನಾನು ಎದ್ದು ನಿಂತೆ.

"ಇದನ್ನ ನಾನೇ ಬರೆದದ್ದು. ತಾಯಂದಿರನ್ನ ಅವಳು ತಡೀತಾಳೆ ಅಂತ ಬರೆದಿದ್ದೀನಿ, ಅದು ಸುಳ್ಳು. ಅವಳು ಹೆರಿಗೆ ಮಾಡಿಸ್ತಾಳೆ, ಅದು ನಿಜ. ನಮ್ಮವ್ವಾನೂ ಮಾಡಿಸ್ತಾಳೆ. ಹದಿಮೂರನೇ ತಾರೀಕು ಕ್ಲೆಗ್ಡೆನ್ ಕೋರ್ಟಿನಲ್ಲಿ ನಿಲ್ತಾಳೆ. ಟ್ರಿಗ್‌ನ ಜೈಲಿಗೆ ಹಾಕೋ ಮುಂಚೆ, ಅವಳ ಜಾಗಕ್ಕೆ ಯಾರನ್ನ ಕಳಿಸ್ತೀರಿ ಹೇಳಿ. ಇಲ್ಲಾಂದ್ರೆ ಅವಳಿಗೇ ಕಲಿಸಿ, ನಾನು ಕಲಿಸ್ತೀನಿ" ಎಂದು ಕಾಗದವನ್ನು ಹರಿದು ಮೇಜಿನ ಮೇಲೆ ಹಾಕಿದೆ.

ಮಿಸೆಸ್ ಹ್ಯಾವರ್‌ಗಲ್ ಕೈ ಚಾಚಿ ಬೀಗದ ಕೈ ಕೇಳಿದರು. ಕೊಟ್ಟೆ.

ಗುರುವಾರ ಬಾಗಿಲಿಗೆ ಬೀಗ. ನನ್ನ ಹಿತ್ತಾಳೆ ತಕ್ಕಡಿ ಒಳಗೆ. ನಾನು ಖಾಲಿ ಕೈಯಲ್ಲಿ, ಬಂದವರಿಗೆ ಸುದ್ದಿ ಹೇಳಿ ಕಳಿಸೋಣವೆಂದು ಹೋದೆ. ಬೀದಿಯ ನಡುವೆ ಕಲ್ಲಿದ್ದಲು ಮಾರುವವನ ತಕ್ಕಡಿ ನಿಂತಿತ್ತು! ಲೂ ಸ್ಕೆಗ್ಸ್ ಅದನ್ನು ಮಂಡಿಯೂರಿ ಸೋಡಾ ಹಾಕಿ ಉಜ್ಜುತ್ತಿದ್ದಳು. ಅವಳ ಬಳಿ ತೂಗಲು ಕೂಸಿಲ್ಲ ಅವ್ವಾ. ನಾನು ಅವಳ ಪಕ್ಕ ಕೂತು, "ನಿಮ್ಮ ಹೆಸರಿನ ಮುಂದೆ ತಪ್ಪು ಬರೆದಿದ್ದೆ, ನನ್ನನ್ನ ಕ್ಷಮಿಸಿ" ಅಂದೆ. "ಮೊದ್ಲು ಆ ಬಕೆಟ್ ಈ ಕಡೆ ಕೊಡಿ" ಅಂದಳು. ಕೊಟ್ಟೆ.

ಇಪ್ಪತ್ತಾರು ಕೂಸು ಬಂದವು. ಹದಿನಾಲ್ಕನೆಯದನ್ನು ತೂಗುವಾಗ ಮಿಸೆಸ್ ಹ್ಯಾವರ್‌ಗಲ್‌ರ ಮೋಟಾರು ಬೀದಿಯ ತುದಿಗೆ ಬಂದು ನಿಂತಿತು. ಒಳಗೆ ಬರಲು ದಾರಿಯಿಲ್ಲ, ಯಾರೂ ಸರಿಯಲಿಲ್ಲ. ಅವರು ಇಳಿದು ನಡೆದು ಬಂದು, "ಇದಕ್ಕೆ ಅಪ್ಪಣೆ ಕೊಟ್ಟೋರು ಯಾರು?" ಎಂದರು.

ಲೂ ಸೊಂಟಕ್ಕೆ ಕೈ ಇಟ್ಟಳು. "ನಮ್ ಕೂಸು, ನಮ್ ಬೀದಿ, ಇದ್ದಿಲಿನೋನ ತಕ್ಕಡಿ. ಇದ್ರಾಗೆ ನಿಮ್ದೇನೈತೆ ತಾಯಿ?"

ಜೊತೆಗೆ ಬಂದಿದ್ದ ಡಾಕ್ಟರ್ ಪಿಮ್ ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ಹ್ಯಾಟು ತೆಗೆದು ಟ್ರಿಗ್ ಕೈಗೆ ಕೊಟ್ಟು, ಮೆಟ್ಟಿಲ ಮೇಲೆ ಕೂತು ಒಂದು ಕೂಸಿನ ಎದೆಗೆ ಕಿವಿಯಿಟ್ಟರು. ಮೋಟಾರು ಅವರನ್ನು ಬಿಟ್ಟು ಹೋಯಿತು.

ನನಗೆ ಕೆಲಸ ಇದೆಯೋ ಇಲ್ಲವೋ ಇನ್ನೂ ಯಾರೂ ಹೇಳಿಲ್ಲ. ಮುಂದಿನ ಗುರುವಾರ ಬೀದಿಯಲ್ಲೇ ಇರುತ್ತೇನೆ. ಸೋಮವಾರ ಕೋರ್ಟಿನಲ್ಲಿ ನನ್ನ ಹೆಸರು ಹೇಳು ಅವ್ವಾ. ನನ್ನ ಮಗಳು ಎಂದು ಹೇಳು. ಬಚ್ಚಿಟ್ಟದ್ದು ಸಾಕು.

ಹೆಸ್ಟರ್

---

ಕ್ಲೆಗ್ಡೆನ್
೧೫ ಜನವರಿ ೧೯೧೩

ಮಗಳೇ,

ಕೊನೆಯವರೆಗೂ ಓದಿದೆ. ಬೈಯುವುದಿಲ್ಲ.

ಕೋರ್ಟಿಗೆ ನನ್ನ ಕೈಯಲ್ಲಿ ಹುಟ್ಟಿದವರೇ ಬಂದು ತುಂಬಿಕೊಂಡಿದ್ದರು. ನನ್ನನ್ನು ಕಟಕಟೆಗೆ ಕರೆದೊಯ್ದ ಪೋಲೀಸಿನವನೂ ನನ್ನ ಕೈಯಲ್ಲೇ ಹುಟ್ಟಿದವನು, ಕಾಲು ಮುಂದಾಗಿ ಬಂದವನು, ಈಗಲೂ ಹಾಗೆಯೇ ನಡೆಯುತ್ತಾನೆ. ಮಿಸ್ ಲೋಮಾಕ್ಸ್ ಸಾಕ್ಷಿ ಹೇಳಿದಳು. ಹೇಳಿದ್ದೆಲ್ಲ ನಿಜ, ನಾನು ಇಲ್ಲವೆನ್ನಲಿಲ್ಲ. ನೆಲ್ ಹೋಲ್ಟ್ ಹೆಸರನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ.

ನ್ಯಾಯಾಧೀಶರು, "ಇನ್ಮೇಲೆ ಯಾವ ಹೆರಿಗೆಗೂ ಹೋಗೋದಿಲ್ಲ ಅಂತ ಮಾತು ಕೊಡ್ತೀಯಾ?" ಎಂದು ಕೇಳಿದರು.

"ಕರೆಯೋರನ್ನ ಕರೀಬೇಡಿ ಅಂತ ನೀವು ಹೇಳಿ ಸ್ವಾಮಿ. ನಾನು ಕೊಡಾಕಿಲ್ಲ" ಅಂದೆ. "ಲಂಡನ್ನಿನಾಗೆ ನನ್ ಮಗಳು ಹೆಸ್ಟರ್ ನರ್ಸ್ ಆಗವ್ಳೆ. ಕೈ ತೊಳೆಯೋದನ್ನ ಅವ್ಳಿಂದ ಕಲ್ತೆ. ಇನ್ನೂ ಕಲಿಸಿದ್ರೆ ಕಲೀತೀನಿ. ಬಿಡು ಅಂದ್ರೆ ಬಿಡಾಕಿಲ್ಲ."

ಈ ಸಲ ಎಚ್ಚರಿಕೆ ಕೊಟ್ಟು ಬಿಟ್ಟರು. ಮುಂದಿನ ಸಲ ಜೈಲು ಎಂದರು.

ಮುಂದಿನ ಸಲ ಅಂದರೆ ನಿನ್ನೆ. ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದೆ. ಬಾಗಿಲಲ್ಲಿ ಯಾರು ಎಂದೀಯೆ? ಮಿಸ್ ಲೋಮಾಕ್ಸ್. ಹ್ಯಾಟಿಲ್ಲ, ಕೂದಲೆಲ್ಲ ಕೆದರಿದೆ. ಗಿರಣಿಯ ಹಿಂದಿನ ಓಣಿಯಲ್ಲಿ ಹೆರಿಗೆ ನೋಡಲು ಹೋಗಿದ್ದಾಳೆ, ಕೂಸು ಅಡ್ಡ ತಿರುಗಿದೆ, ಡಾಕ್ಟರು ಊರಾಚೆ ಹೋಗಿದ್ದಾರೆ.

"ಯಾಕವ್ವ, ಸಾಕ್ಷಿ ಹೇಳೋದು ಇನ್ನೂ ಬಾಕಿ ಐತಾ?" ಎಂದು ಕೇಳಿಬಿಟ್ಟೆ. ಕೇಳಬಾರದಿತ್ತು.

"ಬೈಯೋದಿದ್ರೆ ದಾರೀಲಿ ಬೈರಿ. ಈಗ ಬನ್ನಿ ಅಮ್ಮಾ" ಅಂದಳು.

ಹೋದೆ. ಎರಡು ಗಂಟೆ ಹಿಡಿಯಿತು. ನಾನು ಹೊಟ್ಟೆಯ ಮೇಲಿಂದ ಕೂಸನ್ನು ತಿರುಗಿಸಿದೆ, ಅವಳು ತಾಯಿಯ ಬೆನ್ನು ಹಿಡಿದಳು. ಒಮ್ಮೆಯೂ ಹಿಡಿತ ಬಿಡಲಿಲ್ಲ ಹುಡುಗಿ, ಅದನ್ನು ಹೇಳಲೇಬೇಕು. ಹೆಣ್ಣು ಕೂಸು. ಸ್ವಲ್ಪ ನೀಲಿಗಟ್ಟಿತ್ತು, ಅಳಿಸಿದೆವು. ತಾಯಿಯೂ ಚೆನ್ನಾಗಿದ್ದಾಳೆ.

ಎಲ್ಲ ಮುಗಿದ ಮೇಲೆ ಅವಳು ಚೀಲದಿಂದ ತನ್ನ ರಿಜಿಸ್ಟರು ತೆಗೆದು ಬರೆಯಲು ಕೂತಳು. ಹುಟ್ಟಿದ ಹೊತ್ತು, ತೂಕ, ತಾಯಿಯ ಹೆಸರು. ಹೆರಿಗೆ ಮಾಡಿಸಿದವರು ಎಂಬ ಕಡೆ ಬಂದು ಪೆನ್ನು ನಿಂತಿತು. ನನ್ನ ಮುಖ ನೋಡಿ ಮೆಲ್ಲಗೆ, "ನೆರೆಮನೆಯಾಕೆ ಅಂತ ಬರೀಲಾ? ನಿಮ್ಗೆ ತೊಂದ್ರೆ ಆಗೋದಿಲ್ಲ" ಅಂದಳು.

ನಲವತ್ತು ವರ್ಷ ನಾನು ಕಾಗದದಲ್ಲಿ ನೆರೆಮನೆಯಾಕೆಯೇ ಆಗಿದ್ದೆ ಹೆಸ್ಟರ್.

"ನನ್ನ ಹೆಸರೇ ಬರಿ, ಕೆಜಾಯಾ ಎಂಟ್ವಿಸಲ್ ಅಂತ" ಅಂದೆ. "ಪೂರ್ತಿ ಬರಿ."

ಬರೆದಳು.

ಅವ್ವ